ಹೊಳೆ ಮುಂದೆ ಕಳಿಸುವ ಎಲೆಗಳು

ಲೋಕ ಇನ್ನೂ ಹೊಸದಾಗಿದ್ದ ಕಾಲ. ಬೆಟ್ಟಗಳ ಮೈ ಪೂರ್ತಿ ಆರಿರಲಿಲ್ಲ. ಹೊಳೆಯೂ ಮನುಷ್ಯರೂ ಕೂತು ಮಾತಾಡುತ್ತಿದ್ದರು. ಆಗ ನೆರೆ ಮಾತ್ರ ಹೇಳದೆ ಕೇಳದೆ ಬರುತ್ತಿತ್ತು.

ಚಳಿ ಕಳೆದು ಹೊಳೆ ಸೊರಗಿದಾಗ ಮಾಳವ್ವ ಎಂಬಾಕೆ ಮರಳಿಗಿಳಿದು ಕಲ್ಲಂಗಡಿ ಬೀಜ ಊರುತ್ತಿದ್ದಳು. ಜೊತೆಗೆ ಒಬ್ಬಳೇ ಮಗಳು ನಿಂಗಿ. ಅವ್ವ ಬಳ್ಳಿಗೆ ನೀರು ಹೊಯ್ಯುವಾಗ ನಿಂಗಿ ಒಣ ಎಲೆಗಳನ್ನು ಆರಿಸಿ ಹೊಳೆಯಲ್ಲಿ ತೇಲಿಬಿಡುವಳು. ಪ್ರತಿ ಎಲೆಗೂ ಒಂದೇ ಮಾತು: "ನೀ ಮುಂದ ಹೋಗು. ನಾ ಬರಾಕತ್ತೀನಿ ಅಂತ ಹೇಳು."

"ಯಾರಿಗೆ ಹೇಳಬೇಕವ್ವಾ?" ಎಂದು ಹೊಳೆ ಕಲ್ಲುಗಳ ನಡುವಿನಿಂದ ಕೇಳುತ್ತಿತ್ತು.

"ಕೆಳಗಿನ ಊರಾಗ ನಮ್ಮ ದೊಡ್ಡವ್ವ ಅದಾಳಲ್ಲ, ಆಕಿಗೆ!"

ಹೊಳೆ ನಗುತ್ತಿತ್ತು. ಅದಕ್ಕೂ ನಿಂಗಿ ಎಂದರೆ ಜೀವ.

ಒಂದು ವಸಂತದಲ್ಲಿ, ಬೇವು ಹೂಬಿಟ್ಟ ಹೊತ್ತಿಗೆ, ದೂರದ ಬೆಟ್ಟಗಳ ಮೇಲೆ ಮೂರು ದಿನ ಮಳೆ ಸುರಿಯಿತು. ಇಲ್ಲಿ ಆಕಾಶ ತಿಳಿಯಾಗಿತ್ತು. ಮಾಳವ್ವ ಅದನ್ನೇ ನಂಬಿ ಕೆಟ್ಟಳು. ನಿಂಗಿಯನ್ನು ಬಳ್ಳಿಗಳ ನಡುವೆ ಮಲಗಿಸಿ, ಗೊಬ್ಬರ ತರಲು ದಡ ಹತ್ತಿದಳು. ಬುಟ್ಟಿ ಹೊತ್ತು ತಿರುಗಿದರೆ ಮರಳೂ ಇಲ್ಲ, ಮಗಳೂ ಇಲ್ಲ. ದಡದಿಂದ ದಡಕ್ಕೆ ನೀರು. ದೊಡ್ಡವ್ವನ ಊರೂ ಸೇರಿ ಏಳು ಊರು ನೀರುಪಾಲಾದವು.

ಎಂಟು ದಿನಕ್ಕೆ ನೆರೆ ಇಳಿಯಿತು. ಮಾಳವ್ವ ದಡ ಬಿಟ್ಟು ಕದಲಿರಲಿಲ್ಲ. "ಒಂದು ಕೂಗು ಹಾಕಬಾರದಿತ್ತೇನು?" ಎಂದಳು.

ಹೊಳೆ ಅತ್ತಿತು. "ಕಲ್ಲಿಗೆ ತಾಕಿದರಷ್ಟೇ ನನಗ ದನಿ, ತಾಯಿ. ತುಂಬಿದಾಗ ಕಲ್ಲೆಲ್ಲ ಮುಳುಗತಾವ. ನನ್ನ ಬಾಯಿ ಕಟ್ಟತೈತಿ. ನಿಲ್ಲಾಕೂ ಆಗಲಿಲ್ಲ, ಕೂಗಾಕೂ ಆಗಲಿಲ್ಲ."

"ನನ್ನ ಮಗಳಂತೂ ತಿರುಗಿ ಬರೂದಿಲ್ಲ. ಇನ್ನೊಬ್ಬರ ಮಗಳಾದರೂ ಉಳೀಲಿ. ಇನ್ನ ಮ್ಯಾಲೆ ಹೇಳಿ ಬಾ."

ಬಾಯಿಲ್ಲದೆ ಹೇಳುವುದು ಹೇಗೆ? ಹೊಳೆ ಬಹಳ ಹೊತ್ತು ಯೋಚಿಸಿತು. ಆಮೇಲೆ ಅದಕ್ಕೆ ನಿಂಗಿಯ ಆಟ ನೆನಪಾಯಿತು.

ಅದಕ್ಕೇ, ಮಗು, ಬೇಸಿಗೆಯ ಹೊಳೆಯಲ್ಲಿ ಒಮ್ಮೆಲೇ ಒಣ ಎಲೆಗಳು ರಾಶಿರಾಶಿಯಾಗಿ ತೇಲಿಬಂದರೆ, ತಲೆಯ ಮೇಲೆ ಬಿಸಿಲಿದ್ದರೂ ದೊಡ್ಡವರು ಮಕ್ಕಳನ್ನು ಎತ್ತಿಕೊಂಡು ದಡಕ್ಕೆ ಓಡುತ್ತಾರೆ. ಮೇಲೆಲ್ಲೋ ತುಂಬತೊಡಗಿದ ಹೊಳೆ, ಬಾಯಿ ಕಟ್ಟುವ ಮೊದಲೇ ನಿಂಗಿ ಕಲಿಸಿದ ಮಾತನ್ನೇ ಒಪ್ಪಿಸಿ ಆ ಎಲೆಗಳನ್ನು ಇವತ್ತಿಗೂ ಮುಂದೆ ಕಳಿಸುತ್ತದೆ: "ನೀವು ಮುಂದ ಹೋಗ್ರಿ. ನಾ ಬರಾಕತ್ತೀನಿ ಅಂತ ಹೇಳ್ರಿ."