ಬೀಜಕ್ಕೆ ಬಿಟ್ಟ ಹೀರೆಕಾಯಿ

“ಬುದ್ಧಿ, ಏನನ್ನೂ ದಂಡ ಮಾಡದವನಿಗೆ ಎಂದಾದರೂ ಕೊರತೆ ಬಂದೀತೇ?” ಎಂದು ಕೊಟ್ರಯ್ಯ ಕೇಳಿದ.

ಕೊಟ್ರಯ್ಯ ಮಠದ ಉಗ್ರಾಣ ನೋಡಿಕೊಳ್ಳುವ ಶಿಷ್ಯ. ಅವನು ಕೇಳಿದ್ದು ತಿಳಿದುಕೊಳ್ಳಲು ಅಲ್ಲ. ಗುರುಗಳು ‘ಬಾರದು’ ಎನ್ನಬೇಕು, ಅದು ಅಡುಗೆಮನೆಯವರೆಗೂ ಕೇಳಿಸಬೇಕು ಎಂಬುದು ಅವನ ಆಸೆ. ಅಂದು ಬೆಳಿಗ್ಗೆ ಅಡುಗೆಯವನು ಅವನ ಮುಂದೆ ಸೌಟು ಎಸೆದು ಹೋಗಿದ್ದ. ಕುಂಬಳಕಾಯಿಯ ತಿರುಳು, ಸಿಪ್ಪೆ, ಬೀಜ ಮೂರನ್ನೂ ಬೇರೆ ಬೇರೆ ತೂಗಿ ಕೊಟ್ಟರೆ ಎಂಥ ಅಡುಗೆಯವನಿಗೂ ಸಿಟ್ಟು ಬಂದೀತು.

ಕೊಟ್ರಯ್ಯ ತಾನೇ ಮುಂದುವರಿಸಿದ.

“ನೀವೇ ನೋಡಿ ಬುದ್ಧಿ. ಅಕ್ಕಿ ತೊಳೆದ ನೀರು ಬಸಳೆಗೆ ಹೋಗುತ್ತದೆ. ಹಿಂಡಿದ ನಿಂಬೆಯ ಸಿಪ್ಪೆ ಉಪ್ಪಿಗೆ ಬೀಳುತ್ತದೆ. ಹರಿದ ಪಂಚೆ ಒರೆಸುವ ಬಟ್ಟೆಯಾಗುತ್ತದೆ, ಅದೂ ಹರಿದರೆ ದೀಪದ ಬತ್ತಿಯಾಗುತ್ತದೆ. ಪಾಠ ಹೇಳುತ್ತಿದ್ದ ನೀಲಕಂಠನ ಕೈ ಚುರುಕು. ಅವನನ್ನು ತೋಟಕ್ಕೆ ಹಾಕಿದೆ, ಎರಡು ಮಡಿ ಸೊಪ್ಪು ಹೆಚ್ಚಾಯಿತು. ಪಂಪಣ್ಣ ಇದ್ದಾನಲ್ಲ, ಒಲೆಯ ಮುಂದೆ ಕೂರಿಸಿದರೆ ಅನ್ನ ಸೀಯಿಸುತ್ತಾನೆ, ಕಳೆ ಕೀಳು ಅಂದರೆ ಸಸಿ ಕೀಳುತ್ತಾನೆ, ಬಂದವರ ಮೇಲೆಲ್ಲ ರೇಗುತ್ತಾನೆ. ಅಂಥವನನ್ನೂ ದಂಡ ಮಾಡಲಿಲ್ಲ, ಮಕ್ಕಳಿಗೆ ಪಾಠ ಹೇಳಲು ಕೂರಿಸಿದ್ದೇನೆ. ತೆಂಗಿನ ಚಿಪ್ಪಿನಲ್ಲಿ ಸೌಟು ಮಾಡಿಸಿದ್ದೇನೆ. ಅದನ್ನೇ ಆ ಅಡುಗೆಯವನು ಎಸೆದದ್ದು. ಅದೂ ಮುರಿಯಲಿಲ್ಲ.”

ಗುರುಗಳು ಕಣ್ಣು ಮುಚ್ಚಿದರು. ಧ್ಯಾನಕ್ಕಲ್ಲ.

“ನಿನ್ನೆ ಊಟದಲ್ಲಿ ಮಜ್ಜಿಗೆ ಬಡಿಸಿದೆ. ಅದರಲ್ಲಿ ಮಜ್ಜಿಗೆ ಎಲ್ಲಿದೆ ಎಂದು ಇನ್ನೂ ಯೋಚಿಸುತ್ತಿದ್ದೇನೆ,” ಎಂದರು. “ಇರಲಿ, ಕೂತುಕೋ. ಒಂದು ಕತೆ ಹೇಳುತ್ತೇನೆ. ಕತೆಗೆ ಖರ್ಚಿಲ್ಲ.”

ಕೊಟ್ರಯ್ಯ ಕೂತ. ಗುರುಗಳು ಹೇಳತೊಡಗಿದರು.

ಒಬ್ಬ ರೈತನಿದ್ದ. ಅವನ ಹಿತ್ತಲಲ್ಲಿ ಹೀರೆಯ ಚಪ್ಪರವಿತ್ತು. ಹಿತ್ತಲು ಅವನದು, ಬೀಜ ಹೆಂಡತಿಯದು. ಮದುವೆಯಾಗಿ ಬರುವಾಗ ಅವಳ ತಾಯಿ ಮಡಿಲಕ್ಕಿಯ ಜೊತೆಗೆ ಒಂದು ಹಿಡಿ ಹೀರೆಬೀಜವನ್ನು ಗಂಟು ಕಟ್ಟಿ ಕೊಟ್ಟಿದ್ದಳು. ಆ ತಾಯಿಗೆ ಅವಳ ತಾಯಿ ಕೊಟ್ಟದ್ದು. ಆ ಮನೆಯ ಹೆಣ್ಣುಮಕ್ಕಳು ಒಡವೆ ತಂದರೋ ಬಿಟ್ಟರೋ, ಹೀರೆಬೀಜ ತರದೆ ಇರುತ್ತಿರಲಿಲ್ಲ.

ಆ ಬೀಜಕ್ಕೆ ಒಂದು ಕಟ್ಟಳೆ ಇತ್ತು. ಪ್ರತಿ ಬಳ್ಳಿಯ ಮೊದಲ ಕಾಯಿಯ ತುದಿ ಕೊಯ್ದು ನಾಲಿಗೆಗೆ ಇಟ್ಟು ನೋಡಬೇಕು. ಕಹಿಯಾದರೆ ಆ ಬಳ್ಳಿಯನ್ನು ಅಂದೇ ಬುಡಸಮೇತ ಕೀಳಬೇಕು. ಉಳಿದ ಬಳ್ಳಿಗಳಲ್ಲಿ ಎಲ್ಲಕ್ಕಿಂತ ಚೆನ್ನಾದ ಒಂದು ಕಾಯಿಯನ್ನು ಆರಿಸಿ, ಅದರ ತೊಟ್ಟಿಗೆ ಹಳೆಯ ಸೀರೆಯ ಕೆಂಪು ಅಂಚಿನ ಚೂರೊಂದನ್ನು ಕಟ್ಟಬೇಕು. ಬಟ್ಟೆ ಕಟ್ಟಿದ ಕಾಯಿಯನ್ನು ಯಾರೂ ಮುಟ್ಟಬಾರದು. ಮನೆಗೆ ನೆಂಟರು ಬಂದು ಬೇರೆ ತರಕಾರಿ ಇಲ್ಲದಿದ್ದರೂ ಮುಟ್ಟಬಾರದು. ಅದು ಬಳ್ಳಿಯಲ್ಲೇ ಒಣಗಬೇಕು. ಆ ಒಂದು ಕಾಯಿಯ ಬೀಜ ಮುಂದಿನ ವರ್ಷ ಆ ಮನೆಗೂ ಸಾಕು, ಇಡೀ ಬೀದಿಗೂ ಸಾಕು. ಬೀದಿಯವರು ಬೀಜ ಇಡುವುದನ್ನೇ ಬಿಟ್ಟಿದ್ದರು.

ಹೆಂಡತಿ ಇಪ್ಪತ್ತು ವರ್ಷ ಹೀಗೆ ನಡೆಸಿದಳು. ಮಗಳು ಬೆಳೆದು ನಿಂತಳು. ಅವಳ ಮಡಿಲಿಗೂ ಒಂದು ಹಿಡಿ ಬೀಜ ಕಟ್ಟಿ ಕಳಿಸಿದರೆ ತನ್ನ ಕೆಲಸ ಮುಗಿಯಿತು ಎಂದುಕೊಂಡಿದ್ದಳು.

ರೈತ ಕೆಟ್ಟವನಲ್ಲ. ಕುಡಿತವಿಲ್ಲ, ಜೂಜಿಲ್ಲ, ಮಿತವ್ಯಯ ಒಂದೇ. ಹೀರೆಯ ತಿರುಳು ಪಲ್ಯಕ್ಕೆ, ಸಿಪ್ಪೆ ಚಟ್ನಿಗೆ, ಚಟ್ನಿ ರುಬ್ಬಿದ ಒರಳು ತೊಳೆದ ನೀರು ಸಾರಿಗೆ. ಊಟಕ್ಕೆ ಕೂತವರು ಕರಿಬೇವನ್ನು ಎಲೆಯ ಬದಿಗೆ ಇಟ್ಟರೆ ಅವನು ನೋಡುತ್ತಿದ್ದ. ಏನೂ ಹೇಳುತ್ತಿರಲಿಲ್ಲ, ನೋಡುತ್ತಿದ್ದ. ನೆಂಟರು ಕರಿಬೇವು ನುಂಗುವುದನ್ನು ಕಲಿತರು.

ಒಂದು ವರ್ಷ ಚಪ್ಪರ ತುಂಬ ಕಾಯಿ ಬಿಟ್ಟ ಹೊತ್ತಿನಲ್ಲಿ ಹೆಂಡತಿಯ ತಾಯಿ ತೀರಿಕೊಂಡಳು. ಹೆಂಡತಿ ಚೆನ್ನಾದ ಕಾಯಿಗೆ ಬಟ್ಟೆ ಕಟ್ಟಿಯಾಗಿತ್ತು. ತಡವಾಗಿ ಕಾಯಿಬಿಟ್ಟ ಮೂಲೆಯ ಬಳ್ಳಿಯೊಂದನ್ನು ಮಾತ್ರ ರುಚಿ ನೋಡಿರಲಿಲ್ಲ. ಅವಳು ತವರಿಗೆ ಹೋದಳು, ತಿಂಗಳು ಅಲ್ಲೇ ಉಳಿದಳು.

ಮೂಲೆಯ ಬಳ್ಳಿ ಕಹಿಯಾಗಿತ್ತು. ಅದು ಮೊದಲ ದಿನ ಪಲ್ಯ ಮಾಡಿದಾಗಲೇ ಗೊತ್ತಾಯಿತು. ಮಾರನೆಯ ದಿನ ರೈತ ಕುಡುಗೋಲು ಹಿಡಿದು ಬಟ್ಟೆ ಕಟ್ಟಿದ ಕಾಯಿಯ ಕೆಳಗೆ ನಿಂತ. ಅವನು ಇಪ್ಪತ್ತು ವರ್ಷದಿಂದ ಆ ಹೊತ್ತಿಗಾಗಿ ಕಾದಿದ್ದ.

ಮಗಳು ಓಡಿ ಬಂದಳು. “ಅಪ್ಪಾ, ಅದು ಅಮ್ಮ ಬಟ್ಟೆ ಕಟ್ಟಿದ ಕಾಯಿ.”

“ಬಟ್ಟೆಯನ್ನು ನಾನು ತಿನ್ನುತ್ತೇನೆಯೇ? ಅದನ್ನು ಮೂಲೆಯ ಬಳ್ಳಿಗೆ ಕಟ್ಟುತ್ತೇನೆ.”

“ಅದು ಕಹಿ! ಅಮ್ಮ ಇದ್ದಿದ್ದರೆ ಕಿತ್ತು ಬೇಲಿಯಾಚೆ ಎಸೆಯುತ್ತಿದ್ದಳು.”

“ಅದನ್ನೇ ನಾನು ಹೇಳುವುದು. ತಿನ್ನುವ ಕಾಯಿಯನ್ನು ಒಣಗಿಸುತ್ತಾಳೆ, ತಿನ್ನಲಾಗದ್ದನ್ನು ಎಸೆಯುತ್ತಾಳೆ. ಎರಡು ಕಡೆ ದಂಡ. ತಿನ್ನಲಾಗದ್ದನ್ನು ಬೀಜಕ್ಕೆ ಬಿಟ್ಟರೆ ಎರಡೂ ಉಳಿಯಿತು. ಬೀಜವೇನು ನಾಲಿಗೆಗೆ ಇಡುವ ವಸ್ತುವೇ? ನಿಮ್ಮ ಅಜ್ಜಿ, ಮುತ್ತಜ್ಜಿ, ಅಷ್ಟು ಜನರಲ್ಲಿ ಒಬ್ಬಳಿಗೂ ಇದು ಹೊಳೆಯಲಿಲ್ಲವಲ್ಲ!”

ಒಳ್ಳೆಯ ಕಾಯಿ ಹುಳಿಯಾಯಿತು. ರೈತ ಎರಡು ಸಲ ಬಡಿಸಿಕೊಂಡ. ಕಹಿ ಬಳ್ಳಿಯ ಕಾಯಿಗಳೆಲ್ಲ ಒಣಗಿದವು, ಒಂದರ ತೊಟ್ಟಿನಲ್ಲಿ ಕೆಂಪು ಅಂಚು ತೂಗಾಡುತ್ತಿತ್ತು. ಹೆಂಡತಿ ಹಿಂತಿರುಗಿದಾಗ ಅದು ಎಂದಿನಂತೆಯೇ ಕಂಡಿತು. ಅವಳು ತಾಯಿಯನ್ನು ಕಳೆದುಕೊಂಡು ಬಂದಿದ್ದಳು, ಬಟ್ಟೆ ಯಾವ ಬಳ್ಳಿಯಲ್ಲಿದೆ ಎಂದು ನೋಡುವ ಮನಸ್ಸಿರಲಿಲ್ಲ. ಹೀರೆಕಾಯಿಯ ಮಾತು ತೆಗೆಯುವ ಹೊತ್ತಲ್ಲವೆಂದು ಮಗಳು ಸುಮ್ಮನಾದಳು. ಒಳ್ಳೆಯ ಕೆಲಸ ಮಾಡಿದವರು ಹೇಳಿಕೊಳ್ಳಬಾರದೆಂದು ರೈತ ಸುಮ್ಮನಾದ.

ಆ ವರ್ಷ ಬೀಜ ಬೇಕಾದಷ್ಟಿತ್ತು. ರೈತ ಮೊರ ಹಿಡಿದು ಜಗಲಿಯಲ್ಲಿ ಕೂತು ಬೀದಿಗೆಲ್ಲ ಹಂಚಿದ. ಹಿಡಿ ಕೇಳಿದವರಿಗೆ ಬೊಗಸೆ ಕೊಟ್ಟ. ಹುಟ್ಟಿದ ಮೇಲೆ ಮೊದಲ ಸಲ ಊರಿನವರು ಅವನನ್ನು ಧಾರಾಳಿ ಎಂದರು. ಅಷ್ಟರಲ್ಲಿ ಹೆಂಡತಿಯ ತವರಿನಿಂದಲೂ ಹೇಳಿಕಳಿಸಿದರು. ಸಾವಿಗೆ ಬಂದ ನೆಂಟರಿಗೆ ಅಡುಗೆ ಮಾಡಿ ಮಾಡಿ ಅಲ್ಲಿನ ಚಪ್ಪರ ಬರಿದಾಗಿತ್ತು, ಬೀಜಕ್ಕೂ ಒಂದು ಕಾಯಿ ಉಳಿದಿರಲಿಲ್ಲ. ರೈತ ಅವರಿಗೂ ಒಂದು ಗಂಟು ಕಳಿಸಿದ.

ಮುಂದಿನ ಮಳೆಗಾಲ ಬಂತು. ಬಳ್ಳಿ ಹಬ್ಬಿತು, ಕಾಯಿ ಬಿಟ್ಟಿತು. ಹೆಂಡತಿ ಮೊದಲ ಬಳ್ಳಿಯ ಕಾಯಿ ಕೊಯ್ದು ನಾಲಿಗೆಗೆ ಇಟ್ಟಳು, ಉಗುಳಿದಳು. ಎರಡನೆಯದನ್ನು ಉಗುಳಿದಳು. ಕೊನೆಯ ಬಳ್ಳಿಯ ಹೊತ್ತಿಗೆ ನಾಲಿಗೆಗೆ ಇಡುವ ಮೊದಲೇ ಉಗುಳಿದಳು. ಬಾಯಿ ತೊಳೆದು ಬರುವಷ್ಟರಲ್ಲಿ ಬಾಗಿಲಲ್ಲಿ ಬೀದಿಯವರು ನಿಂತಿದ್ದರು. ಒಬ್ಬೊಬ್ಬರ ಕೈಯಲ್ಲೂ ಕೊಯ್ದ ಅರ್ಧ ಹೀರೆಕಾಯಿ.

ಆಗ ಮಗಳು ನಡೆದದ್ದನ್ನು ಹೇಳಿದಳು. ರೈತ ನಡುವೆ ಬಾಯಿ ಹಾಕಿ, ಎರಡು ಕಡೆ ದಂಡ ತಪ್ಪಿದ್ದನ್ನು ಇನ್ನೊಮ್ಮೆ ವಿವರಿಸಿದ.

ಹೆಂಡತಿ ಬಹಳ ಹೊತ್ತು ಅವನನ್ನೇ ನೋಡಿದಳು. ಅವನು ನೆಂಟರ ಎಲೆ ನೋಡುತ್ತಿದ್ದನಲ್ಲ, ಹಾಗೆ.

“ಇಷ್ಟಕ್ಕೆ ಯಾಕೆ ಮುಖ ಊದಿಸುತ್ತೀಯೆ?” ಎಂದ ರೈತ. “ನಿನ್ನ ತವರಿಂದ ಇನ್ನೊಂದು ಹಿಡಿ ತರಿಸು.”

“ತವರಿಗೆ ಹೋದದ್ದೂ ಇದೇ ಬೀಜ ರೀ. ಕಳಿಸಿದ್ದು ನೀವು. ನಾನು ಬಂದು ಇಪ್ಪತ್ತು ವರ್ಷವಾಯಿತು, ನನ್ನ ತವರಿಗೆ ಒಂದು ವೀಳ್ಯದೆಲೆ ಕಳಿಸಿದವರಲ್ಲ. ಕಳಿಸಿದ್ದು ಇದೊಂದನ್ನು.”

ಹೆಂಡತಿ ಬಳ್ಳಿಗಳನ್ನೆಲ್ಲ ಕಿತ್ತಳು. ರೈತ ಅಡ್ಡ ಬಂದ. ಬೆಲ್ಲ ಹಾಕಿ ಬೇಯಿಸಿದರೆ ಕಹಿ ಹೋಗುತ್ತದೆ ಎಂದ. ಅವನೇ ಬೇಯಿಸಿ ನೋಡಿದ, ಬೆಲ್ಲವೂ ಹೋಯಿತು. ಉಳಿದ ಕಾಯಿಗಳನ್ನು ಮೈಯುಜ್ಜುವ ನಾರಿಗೆಂದು ಅಟ್ಟದ ಮೇಲೆ ಒಣಹಾಕಿದ. ಅಟ್ಟ ತುಂಬಿತು. ಮನೆಯಲ್ಲಿ ಇದ್ದದ್ದು ಮೂರು ಮೈ.

ವೈಶಾಖದಲ್ಲಿ ಮಗಳ ಮದುವೆಯಾಯಿತು. ಮಡಿಲು ತುಂಬುವ ಹೊತ್ತು ಬಂತು. ಅಕ್ಕಿ, ಕೊಬ್ಬರಿ, ಬೆಲ್ಲ, ವೀಳ್ಯ ಎಲ್ಲ ಬಂತು. ಹೆಂಡತಿಯ ಕೈ ಬೀಜ ಇರಬೇಕಾದಲ್ಲಿಗೆ ಹೋಗಿ ನಿಂತಿತು. ರೈತ ಹತ್ತಿರ ಬಂದು ಅವಳ ಕಿವಿಯಲ್ಲಿ, “ಅಟ್ಟದ ಮೇಲಿನದನ್ನೇ ಒಂದು ಹಿಡಿ ಕಟ್ಟು. ಬೀಜ ನೋಡಲು ಒಂದೇ ಥರ. ಬೀಗರಿಗೆ ಹೇಗೆ ಗೊತ್ತಾಗಬೇಕು?” ಎಂದ.

ಅವಳು ಒಳಗೆ ಹೋಗಿ ಆ ಕೆಂಪು ಅಂಚಿನ ಚೂರನ್ನು ತಂದಳು. ತೊಳೆದು ಮಡಿಸಿದ್ದಳು. ಅದನ್ನು ಮಗಳ ಮಡಿಲಲ್ಲಿ ಇಟ್ಟು, “ಬೀಜ ನನ್ನ ಕಾಲಕ್ಕೆ ಹೋಯಿತು ಮಗಳೇ. ಎಲ್ಲಾದರೂ ಒಳ್ಳೆಯ ಕಾಯಿ ಕಂಡರೆ ಮೊದಲು ಇದನ್ನು ಕಟ್ಟು. ಆಮೇಲೆ ಒಲೆ ಹಚ್ಚು,” ಎಂದಳು.

ಗುರುಗಳು ಕತೆ ನಿಲ್ಲಿಸಿದರು.

ಕೊಟ್ರಯ್ಯ ತೊಡೆ ತಟ್ಟಿಕೊಂಡು ನಕ್ಕ. “ಬುದ್ಧಿ, ಎಂಥ ದಡ್ಡ ಅವನು! ಯಾತಕ್ಕೂ ಬಾರದ್ದನ್ನು ಯಾರಾದರೂ ಬೀಜಕ್ಕೆ ಬಿಡುತ್ತಾರೆಯೇ? ಅದು ಮಿತವ್ಯಯವಲ್ಲ. ನಮ್ಮ ಮಠದಲ್ಲಿ ಅಂಥದ್ದು ನಡೆಯಲು ನಾನು ಬಿಟ್ಟೇನೇ?”

ಪಡಸಾಲೆಯ ಕಡೆಯಿಂದ ಪಂಪಣ್ಣ ರೇಗುತ್ತಿದ್ದ ಸದ್ದು, ಅದರ ಹಿಂದೆಯೇ ಮಕ್ಕಳೆಲ್ಲ ಒಟ್ಟಾಗಿ ಅದೇ ದನಿಯಲ್ಲಿ ಒಪ್ಪಿಸುತ್ತಿದ್ದ ಸದ್ದು ಕೇಳಿಬಂತು. ಕೊಟ್ರಯ್ಯನ ನಗು ಅರ್ಧಕ್ಕೆ ನಿಂತಿತು.

“ಕೊಟ್ರಯ್ಯ,” ಎಂದರು ಗುರುಗಳು, “ಮಕ್ಕಳ ಪಾಠಕ್ಕೆ ಯಾರನ್ನು ಕೂರಿಸಿದ್ದೀಯೆ ಅಂದೆ?”