ಎರಡನೆಯ ಸಲ ಹೇಳಿದ ಪಾಠ

ಶಿಷ್ಯನು ಕೇಳಿದನು: “ಗುರುಗಳೇ, ಈಗ ಗುರು ಒಂದು ಊರಿನಲ್ಲಿ, ವಿದ್ಯಾರ್ಥಿ ಇನ್ನೊಂದು ಊರಿನಲ್ಲಿ ಇರುತ್ತಾರೆ. ಆನ್‌ಲೈನ್ ಪಾಠ ಎನ್ನುತ್ತಾರೆ. ಬರಲಾಗದವರಿಗೆ ಅದು ಉಪಯೋಗ, ಒಪ್ಪುತ್ತೇನೆ. ಶಾಲೆಗೆ ಬಂದು ಕುಳಿತವರಿಗೆ ಅದರಿಂದ ಏನು ಲಾಭ?”

ಗುರುಗಳು ಹೇಳಿದರು:

ಒಂದು ಶಾಲೆಯಲ್ಲಿ ಗಣಿತದ ಮಾಸ್ತರರೊಬ್ಬರಿದ್ದರು. ಯಾವುದನ್ನೂ ಅವರು ಒಮ್ಮೆ ಮಾತ್ರ ಹೇಳುತ್ತಿದ್ದರು. ಇನ್ನೊಮ್ಮೆ ಹೇಳಿ ಎಂದವನು ಗಮನವಿಟ್ಟಿಲ್ಲ ಎಂಬುದು ಅವರ ತೀರ್ಮಾನ. ಅಂಥವನು ಪಾಠ ಮುಗಿಯುವವರೆಗೆ ಬಾಗಿಲ ಹೊರಗೆ ನಿಲ್ಲಬೇಕು. ಆದ್ದರಿಂದ ಯಾರೂ ಕೇಳುತ್ತಿರಲಿಲ್ಲ. ತರಗತಿ ನಿಶ್ಶಬ್ದವಾಗಿತ್ತು, ಮಾಸ್ತರರು ಅದನ್ನು ಶಿಸ್ತು ಎಂದುಕೊಂಡಿದ್ದರು. ಪ್ರತಿ ವರ್ಷ ಅರ್ಧ ತರಗತಿ ನಪಾಸಾಗುತ್ತಿತ್ತು; ಅದನ್ನು ದಡ್ಡತನ ಎಂದುಕೊಂಡಿದ್ದರು.

ಆ ತರಗತಿಯಲ್ಲಿ ಕುರಿಗಾಹಿಯೊಬ್ಬನ ಮಗಳಿದ್ದಳು. ಮಳೆಗಾಲ ಮುಗಿದರೆ ಕುರಿಗಾಹಿ ಮಂದೆ ಹೊಡೆದುಕೊಂಡು ದೂರದ ಬಯಲಿಗೆ ಹೋಗುತ್ತಿದ್ದನು. ಮಗಳೂ ಹೋಗಬೇಕು. ಹಾಗೆ ಹೋಗಿ ಅವಳು ಒಂದು ವರ್ಷ ಕಳೆದುಕೊಂಡಿದ್ದಳು. ಈ ಸಲವೂ ನಪಾಸಾದರೆ ಶಾಲೆ ಬಿಡಿಸುವುದಾಗಿ ತಂದೆ ಹೇಳಿದ್ದನು. ಬಯಲಿನಿಂದಲೇ ಫೋನಿನಲ್ಲಿ ಪಾಠ ಕೇಳಲು ಬಿಡಿ ಎಂದು ಅವಳು ಮಾಸ್ತರರನ್ನು ಬೇಡಿಕೊಂಡಳು. ಅವರು ಬಹಳ ಯೋಚಿಸಿ, ಕರಿಹಲಗೆಯ ಎದುರು ಫೋನು ನಿಲ್ಲಿಸಿ ಪಾಠ ಮಾಡಲು ಒಪ್ಪಿದರು. ನಿಯಮ ಮಾತ್ರ ಬದಲಾಗದು ಎಂದರು.

ಮೊದಲ ದಿನವೇ ಬಯಲಿನಿಂದ ಧ್ವನಿ ಬಂದಿತು: ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಿ. ಹೊರಗೆ ನಿಲ್ಲಿಸೋಣವೆಂದರೆ ಅವಳು ಆಗಲೇ ಹೊರಗಿದ್ದಳು. ತಪ್ಪು ನೆಟ್‌ವರ್ಕಿನದು ಎಂದುಕೊಂಡು ಮಾಸ್ತರರು ಇನ್ನೊಮ್ಮೆ ಹೇಳಿದರು. ಮರುದಿನವೂ ಅದೇ ಆಯಿತು. ಒಂದೇ ಮಾತನ್ನು ತಿರುಗಿ ಹೇಳಲು ಬೇಸರವಾಗಿ, ಬೇರೆ ಉದಾಹರಣೆ ಕೊಡತೊಡಗಿದರು. ಆಗ ಕೋಣೆಯಲ್ಲಿದ್ದ ಮಕ್ಕಳೂ ತಲೆಯೆತ್ತಿ ನೋಡುತ್ತಿದ್ದರು. ಕಿರುಪರೀಕ್ಷೆಗಳಲ್ಲಿ ಅವರ ಅಂಕ ಏರಿತು. ಕಾರಣ ಮಾಸ್ತರರಿಗೆ ಹೊಳೆಯಲಿಲ್ಲ.

ಒಂದು ದಿನ ಜೋಳ ಒಯ್ಯಲು ಕುರಿಗಾಹಿ ಊರಿಗೆ ಬಂದನು. ನೀನಿರುವಲ್ಲಿ ಧ್ವನಿ ಅಷ್ಟೊಂದು ಕಡಿದುಹೋಗುತ್ತದೆಯೇ ಎಂದು ಮಾಸ್ತರರು ಕೇಳಿದರು.

“ಎಲ್ಲೀದ್ರಿ ಮಾಸ್ತರ್ರ? ಟವರಿನ ಬುಡದಾಗ ನಮ್ಮ ಹಟ್ಟಿ ಐತಿ. ನೀವು ಗದರಿದರ ನಮ್ಮ ನಾಯಿ ಎದ್ದು ಕುಂಡ್ರತೈತಿ” ಎಂದನು.

ಮರುದಿನ ಮಾಸ್ತರರು ಫೋನಿನ ಮುಂದೆ ನಿಂತರು. ಸುಳ್ಳು ಹೇಳಿದ್ದೇಕೆ, ಉತ್ತರ ಸರಿಯಿಲ್ಲದಿದ್ದರೆ ಪಾಠ ಇಂದಿಗೇ ಮುಗಿಯಿತು ಎಂದರು.

ಹುಡುಗಿ ಹೇಳಿದಳು: “ಕೇಳಿಸುತ್ತಿತ್ತು, ಸರ್. ತಿಳಿಯುತ್ತಿರಲಿಲ್ಲ. ತಿಳಿಯಲಿಲ್ಲ ಅಂದರೆ ನೀವು ಹೇಳುವುದಿಲ್ಲವಲ್ಲ.”

ಮಾಸ್ತರರು ಕೋಣೆಯ ಕಡೆಗೆ ತಿರುಗಿ, ಇನ್ನು ಯಾರಿಗೆ ಹೀಗೆ ಎಂದು ಕೇಳಿದರು. ಮೊದಲು ಒಂದು ಕೈ ಮೇಲೆದ್ದಿತು. ಕೊನೆಗೆ, ಕೈ ಎತ್ತದವರೇ ಕಡಿಮೆ. ಮಾಸ್ತರರು ಫೋನು ಆರಿಸಲಿಲ್ಲ. ಹಲಗೆ ಒರೆಸಿ, ಲೆಕ್ಕವನ್ನು ಮೊದಲಿನಿಂದ ಬರೆದರು. ಆ ವರ್ಷ ಹುಡುಗಿ ಪಾಸಾದಳು. ಹುಡುಗಿಯ ಜೊತೆಗೆ, ಎಂದೂ ಪಾಸಾಗದ ಹಿಂದಿನ ಬೆಂಚುಗಳೂ ಪಾಸಾದವು.

ಗುರುಗಳು ಕತೆ ನಿಲ್ಲಿಸಿದರು.

“ತಿಳಿಯಿತು, ಗುರುಗಳೇ” ಎಂದು ಶಿಷ್ಯನು ತಟ್ಟನೆ ಹೇಳಿದನು.

“ಇಷ್ಟು ವರ್ಷ ನನ್ನ ಎದುರಿಗೇ ಕುಳಿತು ಇದೇ ಮಾತು ಹೇಳಿದೆಯಲ್ಲ, ಅದರಲ್ಲಿ ಎಷ್ಟು ಸಲ ನಿಜ?” ಎಂದರು ಗುರುಗಳು.