ರಾಜಕುಮಾರಿಗೆ ಕಾಯಿಸಿದ ಬರೆ

ಕುಂಬಾರ ಕಾಳಿಂಗ ಎಂದಿನಂತೆ ಕೆರೆಯ ಮಣ್ಣು ತುಳಿಯುತ್ತಿದ್ದಾಗ ಬೀದಿಯಲ್ಲಿ ಡಂಗುರ ಕೇಳಿಸಿತು.

“ರಾಜಕುಮಾರಿ ಚಂಪಕಾವತಿಗೆ ಮೂರ್ಛೆ ಬರುತ್ತದೆ. ಅವಳ ಮೂರು ಒಗಟು ಬಿಡಿಸಿದವನಿಗೆ ಕೇಳಿದ್ದನ್ನು ಕೊಡಲಾಗುವುದು. ತಪ್ಪಿದವನ ತಲೆ ಹೋಗುವುದು. ಯಾರೂ ಬಿಡಿಸದಿದ್ದರೆ ನಾಳೆ ಮಧ್ಯಾಹ್ನ ಅವಳ ಹಣೆಗೆ ಬರೆ ಹಾಕಿ ದೆವ್ವ ಬಿಡಿಸಲಾಗುವುದು!”

ಮರುದಿನ ಆಸ್ಥಾನದಲ್ಲಿ ಕೆಂಡದ ಮೇಲೆ ಕಬ್ಬಿಣ ಕಾಯುತ್ತಿತ್ತು. ಮೊದಲು ದಂಡನಾಯಕನ ಮಗ ಬಂದ.

ಚಂಪಕಾವತಿ ಕೇಳಿದಳು: “ಊಟಕ್ಕೆ ಕುಳಿತಿರುತ್ತೇನೆ. ಕೈಯಲ್ಲಿ ತುತ್ತು, ಕಣ್ಣು ತೆರೆದೇ ಇರುತ್ತದೆ. ಹತ್ತು ಎಣಿಸುವಷ್ಟು ಹೊತ್ತು ಯಾರು ಕರೆದರೂ ಓಗೊಡುವುದಿಲ್ಲ. ಆಮೇಲೆ ಏನೂ ಆಗದವಳಂತೆ ಉಣ್ಣುತ್ತೇನೆ. ಏನದು?”

“ಕೊಬ್ಬು,” ಎಂದ ಅವನು. ಸಭೆ ನಕ್ಕಿತು. ಅವನನ್ನು ಎಳೆದೊಯ್ದಾಗ ನಗು ನಿಂತಿತು.

“ದೆವ್ವದೊಡನೆ ಮಾತುಕತೆ,” ಎಂದ ಮಂತ್ರವಾದಿ. ಅವನನ್ನೂ ಎಳೆದೊಯ್ದರು.

ಕಾಳಿಂಗ ಮಣ್ಣಿನ ಕಾಲಿನಲ್ಲೇ ಮುಂದೆ ಬಂದ.

“ಏನೋ ಮಡಕೆ, ನಿನಗೂ ತಲೆ ಭಾರವಾಯಿತೇ?” ಎಂದ ಅರಸ.

ಕಾಳಿಂಗ ರಾಜಕುಮಾರಿಯತ್ತ ತಿರುಗಿದ. “ಅದೂ ಮೂರ್ಛೆಯೇ, ಅಮ್ಮಣ್ಣಿ. ಬೀಳಿಸದ ಮೂರ್ಛೆ. ಆಗ ನಿಮಗೆ ಯಾವ ಮಾತೂ ಕೇಳಿಸುವುದಿಲ್ಲ.”

ಅವಳು ಅವನನ್ನೇ ನೋಡಿದಳು. “ಹೊಟ್ಟೆಯಿಂದ ಏನೋ ಮೇಲಕ್ಕೇರುತ್ತದೆ. ಎಲ್ಲೂ ಇಲ್ಲದ ಸುಟ್ಟ ವಾಸನೆ ಬರುತ್ತದೆ. ಆಮೇಲೆ ಬರಿಬಾಯಿ ಚಪ್ಪರಿಸುತ್ತೇನಂತೆ, ಸೆರಗು ಹಿಸುಕುತ್ತೇನಂತೆ. ಮಾಡಿಸುವವರು ಯಾರು?”

“ಯಾರೂ ಅಲ್ಲ. ತಲೆಯ ಒಂದು ಮೂಲೆಯಲ್ಲಿ ಎದ್ದ ಮೂರ್ಛೆ ಅದು. ವಾಸನೆ ಅದರ ಮುನ್ಸೂಚನೆ. ಕೆಲವೊಮ್ಮೆ ಅಲ್ಲಿಂದ ಮೈಯೆಲ್ಲ ಹಬ್ಬುತ್ತದೆ.”

“ಹಬ್ಬಿದಾಗ ಎಲ್ಲರೂ ಮಾಡುವುದೇನು, ಮಾಡಬೇಕಾದದ್ದೇನು?” ಎಂದವಳು ತುಟಿ ಚಪ್ಪರಿಸಿದಳು. ಚೀರಿ ಬಿದ್ದಳು. ಮೈ ಸೆಟೆಯಿತು, ಬಳಿಕ ಕೈಕಾಲು ಜಾಡಿಸತೊಡಗಿದವು.

ಅರಸ ಬೀಗದಕೈ ಗೊಂಚಲನ್ನು ಅವಳ ಮುಷ್ಟಿಗೆ ತುರುಕಿದ. ಭಟರು ತೋಳು ಅದುಮಿದರು.

“ಬಿಡ್ರೋ ಕೈಯ! ಮೂಳೆ ಮುರಿಯುತ್ತದೆ!”

ಕಾಳಿಂಗ ಗೊಂಚಲನ್ನು ಎಸೆದ. ತನ್ನ ರುಮಾಲನ್ನು ಅವಳ ತಲೆಯಡಿ ಇಟ್ಟ. ಜಾಡಿಸುವುದು ನಿಂತ ಕೂಡಲೇ ಪಕ್ಕಕ್ಕೆ ಹೊರಳಿಸಿದ. ನೊರೆ ಹೊರಗೆ ಹರಿಯಿತು, ಉಸಿರು ಸರಾಗವಾಯಿತು. ಅವಳು ನಿದ್ದೆ ಹೋದಳು.

“ಮೂರನೆಯದರ ಉತ್ತರ?” ಎಂದು ಅರಸ ಗದರಿದ.

“ನೀವು ಮಾಡಿದ್ದು ಎಲ್ಲರೂ ಮಾಡುವುದು, ಬುದ್ಧೀ. ನಾನು ಮಾಡಿದ್ದು ಮಾಡಬೇಕಾದದ್ದು.”

ಚಂಪಕಾವತಿ ಎದ್ದಾಗ ತನ್ನ ಬರಿಗೈ ನೋಡಿಕೊಂಡಳು. ತಲೆಯಡಿಯ ರುಮಾಲನ್ನು ಮುಟ್ಟಿದಳು. “ಸರಿಯಾದ ಉತ್ತರ,” ಎಂದಳು.

“ಕೇಳು, ಏನು ಬೇಕು?” ಎಂದ ಅರಸ.

“ಆ ಕಬ್ಬಿಣ.”

“ಅಷ್ಟೇನಾ? ಇದೆಲ್ಲ ನಿನಗೆ ಕಲಿಸಿದವರು ಯಾರೋ?”

“ನನ್ನ ತಂಗಿ ನಂಜಿ. ಅವಳಿಗೆ ನಾವು ಬರೆ ಹಾಕಿಸಿದ್ದೆವು, ಬುದ್ಧೀ. ಮೂರ್ಛೆ ನಿಲ್ಲಲಿಲ್ಲ.”

ಭಟರು ಕಬ್ಬಿಣವನ್ನು ನೀರಿಗೆ ಅದ್ದಿ ಕೊಟ್ಟರು. ಅವನು ಅದನ್ನು ಹೆಗಲ ಮೇಲಿಟ್ಟುಕೊಂಡು ಕೆರೆಯ ದಾರಿ ಹಿಡಿದ.

ನಂಜಿ ಮುಳುಗಿದ ದಿನ ಆ ಕೆರೆಯಲ್ಲಿ ಮೊಳಕಾಲುದ್ದ ನೀರಿತ್ತು.